ಉಪ್ಪಿನ ತೊಟ್ಟಿಯಿಂದ ಬಂದ ಗಿಯರ್

ಆ ದಿನದ ಗಲಾಟೆಗೆಲ್ಲ ಮೂಲ, ಗಲಾಟೆ ನಿಂತುಹೋದದ್ದು.

ರಟ್ಟಿನ ಮಿಲ್ಲಿನ ಮೇಸ್ತ್ರಿ ಬೆಳಿಗ್ಗೆ ಬಂದು ಯಂತ್ರದ ಗುಂಡಿ ಒತ್ತಿದ. ಒತ್ತಿ, ಅಭ್ಯಾಸದಂತೆ ಒಂದು ಹೆಜ್ಜೆ ಹಿಂದೆ ಸರಿದು, ಹೆಗಲು ಕುಗ್ಗಿಸಿ, ಕಣ್ಣು ಮುಚ್ಚಿ ನಿಂತ. ಒದ್ದೆ ರಟ್ಟನ್ನು ಒಣಗಿಸುವ ದೊಡ್ಡ ಉರುಳೆಗಳಿಗೆ ಗಿಯರುಗಳ ಒಂದು ಜೋಡಿ ಇತ್ತು. ಗುಂಡಿ ಒತ್ತಿದ ಕ್ಷಣ ಅದು ಅಟ್ಟದ ಮೇಲಿನ ಪಾತ್ರೆಯೆಲ್ಲ ಒಟ್ಟಿಗೆ ಮೆಟ್ಟಿಲ ಮೇಲೆ ಉರುಳಿದಂತೆ ಅರಚುತ್ತಿತ್ತು. ಆಮೇಲೆ ಸಂಜೆಯವರೆಗೂ ಆ ಪಾತ್ರೆಗಳು ಉರುಳುತ್ತಲೇ ಇರುತ್ತಿದ್ದವು. ಇವತ್ತು ಮೇಸ್ತ್ರಿ ಕಾದ, ಕಾದ, ಏನೂ ಉರುಳಲಿಲ್ಲ. ಹೊರಗೆಲ್ಲೋ ಒಂದು ಕಾಗೆ ಕೂಗಿದ್ದು ಕೇಳಿಸಿತು. ಮಿಲ್ಲಿನೊಳಗೆ ನಿಂತು ಕಾಗೆಯ ಕೂಗು ಕೇಳಿ ರೂಢಿಯಿಲ್ಲದ ಅವನು ಗುಂಡಿ ಆರಿಸಿದ, ಮತ್ತೆ ಒತ್ತಿದ, ಫ್ಯೂಸ್ ನೋಡಿ ಬಂದ, ಕೊನೆಗೆ ಗುಂಡಿಗೆ ಅಂಗೈಯಿಂದ ಒಂದು ಏಟು ಕೊಟ್ಟ.

"ತಿರುಗ್ತಾ ಇದೆ ಕಣಯ್ಯಾ, ಅದನ್ಯಾಕೆ ಹೊಡೀತೀಯ?" ಎಂದ ಹಲ್ಲಪ್ಪ.

ಹಲ್ಲಪ್ಪ ಎಂದರೆ ಮಿಲ್ಲಿನ ಫಿಟ್ಟರ್. ಗಿಯರಿನ ಹಲ್ಲು ಸವೆದಿದೆಯೇ, ಮುರಿದಿದೆಯೇ, ಎಣ್ಣೆ ಸಾಕೇ ಎಂದು ದಿನವಿಡೀ ಟಾರ್ಚ್ ಹಿಡಿದು ಯಂತ್ರಗಳ ಬಾಯೊಳಗೆ ಇಣುಕುವುದೇ ಅವನ ಕೆಲಸವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಈಗ ತಿರುಗುತ್ತಿದ್ದ ಹೊಸ ಗಿಯರ್ ಜೋಡಿ ಅವನ ಕನಸಿನ ಕೂಸು. ಹಳೆಯದು ಉಕ್ಕಿನದು. ಒಮ್ಮೆ ಪಂಪಿನ ಯಾವುದೋ ಭಾಗ ಮಾಡಿಸಲು ಎರಕದ ಕಾರ್ಖಾನೆಗೆ ಹೋಗಿದ್ದಾಗ, ಅಲ್ಲಿಯವರು ಅವನನ್ನು ಕೂರಿಸಿಕೊಂಡು ಒಂದು ಕಬ್ಬಿಣದ ಕತೆ ಹೇಳಿದ್ದರು. ಸಾಧಾರಣ ಬೀಡು ಕಬ್ಬಿಣದ ಹೊಟ್ಟೆಯೊಳಗೆ ಇಂಗಾಲ ಒಣಗಿದ ಎಲೆಗಳ ಹಾಗೆ ಹರಡಿಕೊಂಡಿರುತ್ತದಂತೆ. ಪೆಟ್ಟು ಬಿದ್ದರೆ ಬಿರುಕು ಎಲೆಯಿಂದ ಎಲೆಗೆ ಹಾರುತ್ತ ಹೋಗಿ ಕಬ್ಬಿಣ ಎರಡು ಹೋಳು. ಅದೇ ಕರಗಿದ ಕಬ್ಬಿಣಕ್ಕೆ ಚಿಟಿಕೆ ಮೆಗ್ನೀಸಿಯಂ ಬಿದ್ದರೆ, ಎಲೆಗಳೆಲ್ಲ ಮುದುರಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಕೂರುತ್ತವೆ. ಬಿರುಕು ಬಂದರೂ ಉಂಡೆಗೆ ಡಿಕ್ಕಿ ಹೊಡೆದು ಅಲ್ಲೇ ಕುಸಿಯುತ್ತದೆ. ಇಷ್ಟು ಸಾಲದೆಂದು ಅದನ್ನು ಕೆಂಪಗೆ ಕಾಯಿಸಿ, ನೀರಿಗೆ ಅದ್ದದೆ, ಕರಗಿದ ಬಿಸಿ ಉಪ್ಪಿನ ತೊಟ್ಟಿಗೆ ಇಳಿಸಿ, ಅಲ್ಲೇ ಸಮಾಧಾನವಾಗಿ ಇರಗೊಡುತ್ತಾರೆ. ತೊಟ್ಟಿಯಿಂದ ಎದ್ದು ಬಂದಾಗ ಅದು ಉಕ್ಕಿನ ಜೊತೆ ತೋಳು ತಟ್ಟಿ ನಿಲ್ಲುವ ಕಬ್ಬಿಣ, ತೂಕದಲ್ಲಿ ಮಾತ್ರ ಹಗುರ. ತಿಕ್ಕಿದಷ್ಟೂ ಹಲ್ಲಿನ ಮೈ ಗಟ್ಟಿ, ಅತ್ತೆ ಬೈದಷ್ಟೂ ಗಟ್ಟಿಯಾಗುವ ಸೊಸೆಯ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳಗಿರುವ ಆ ಉಂಡೆಗಳು ನಡುಕವನ್ನು ಹತ್ತಿಯಂತೆ ಹೀರಿಕೊಳ್ಳುತ್ತವೆ. ಉಕ್ಕಿನ ಹಲ್ಲು ಅರಚುವಲ್ಲಿ ಇದರ ಹಲ್ಲು ಗುನುಗುತ್ತದೆ.

ಹಲ್ಲಪ್ಪ ಆ ಕತೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದವನು ಯಜಮಾನರ ಮುಂದೆ ಬಿಚ್ಚಿದ. ಸ್ಟೋರಿನವನು ಪಕ್ಕದಲ್ಲೇ ನಿಂತು, ತನ್ನ ಮನೆಯ ಬೀಡಿನ ಬಾಣಲೆ ಕೈಜಾರಿ ಬಿದ್ದು ಹೇಗೆ ಎರಡಾಯಿತೆಂದು ವಿವರಿಸಿದ. ಬೀಡಿನಲ್ಲಿ ಗಿಯರ್ ಮಾಡುವುದೂ ಒಂದೇ, ಗಾಜಿನಲ್ಲಿ ಸುತ್ತಿಗೆ ಮಾಡುವುದೂ ಒಂದೇ ಎಂದು ತೀರ್ಪು ಕೊಟ್ಟ. ಯಜಮಾನರು ಇಬ್ಬರನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದ್ದರು.

"ಆ ಸದ್ದು ನಿಲ್ಲಿಸು, ಮೇಲಿನ ಗಾಜಿನ ಕೋಣೆ ನಿಂದು. ಮೆಕ್ಯಾನಿಕ್‌ಗಳಿಗೆಲ್ಲ ನೀನೇ ಮುಖ್ಯಸ್ಥ. ನಿಲ್ಲಲಿಲ್ವೋ, ತಿರುಳಿನ ಗುಂಡಿಗೆ ಇಳಿ."

ತಿರುಳಿನ ಗುಂಡಿ ಎಂದರೆ ಹಳೆಯ ಕಾಗದವೆಲ್ಲ ನೆನೆದು ಕೊಳೆಯುವ ಜಾಗ. ಅಲ್ಲಿ ಕೆಲಸ ಮಾಡಿದವನ ಪಕ್ಕ ಬಸ್ಸಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಹಲ್ಲಪ್ಪನ ಹೆಂಡತಿ ಗುಂಡಿಯ ಮಾತನ್ನು ಕಿವಿಗೇ ಹಾಕಿಕೊಳ್ಳದೆ, ಕೋಣೆಯ ಮಾತನ್ನು ಮಾತ್ರ ಬೀದಿಗೆಲ್ಲ ಹಂಚಿ ಮುಗಿಸಿದ್ದಳು. ಬೆಳಿಗ್ಗೆ ಅವನಿಗೆ ತುಂಬುತೋಳಿನ ಅಂಗಿ ಇಸ್ತ್ರಿ ಮಾಡಿ ಕೊಟ್ಟು, ಎಣ್ಣೆ ಡಬ್ಬಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಳು. ಯಜಮಾನರು ಮಧ್ಯಾಹ್ನ ಬರುವವರಿದ್ದರು. ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿ ನಡೆದರೆ ಸಾಕಿತ್ತು.

ಹಲ್ಲು ಕತ್ತರಿಸುವಾಗಲೂ ಹಲ್ಲಪ್ಪ ನಿದ್ದೆಗೆಟ್ಟಿದ್ದ. ಈ ಕಬ್ಬಿಣ ಉಪ್ಪಿನ ತೊಟ್ಟಿಯಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಅದಕ್ಕೆ ಮೊದಲೇ ಹಲ್ಲನ್ನು ಅಷ್ಟು ಸಣ್ಣದಾಗಿ ಕತ್ತರಿಸಬೇಕು. ಅಂದಾಜು ತಪ್ಪಲಿಲ್ಲ, ಕಾಯಿಸಿ ತಂದ ಜೋಡಿ ಬಹಳ ದಿನಗಳ ಗೆಳತಿಯರ ಹಾಗೆ ಒಂದರೊಳಗೊಂದು ಕೂತಿತ್ತು. ಅವನು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ, ಮನುಷ್ಯರನ್ನೊಂದು ಬಿಟ್ಟು.

ಮೊದಲ ಪೆಟ್ಟು ಮೇಸ್ತ್ರಿಯಿಂದ ಬಂತು. ಯಂತ್ರದ ವೇಗ ತೋರಿಸುವ ಗಡಿಯಾರದ ಮುಳ್ಳು ಯಾವ ಕಾಲದಲ್ಲೋ ಉದುರಿಹೋಗಿತ್ತು. ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಮೇಸ್ತ್ರಿ ವೇಗ ಹಿಡಿಯುತ್ತಿದ್ದದ್ದು ಕಿವಿಯಿಂದ. ಗಿಯರಿನ ಅರಚಾಟ ಏರುತ್ತ ಏರುತ್ತ ದವಡೆ ಜುಂ ಎನ್ನುವಷ್ಟಾದರೆ ವೇಗ ಸರಿಯಾಯಿತೆಂದು ಅರ್ಥ. ಇವತ್ತು ಅವನು ಹಿಡಿ ತಿರುಗಿಸುತ್ತ ಹೋದ, ದವಡೆ ಜುಂ ಎನ್ನಲಿಲ್ಲ. ಇನ್ನಷ್ಟು ತಿರುಗಿಸಿದ. ಹಿಡಿ ಕೊನೆ ಮುಟ್ಟಿತು. ಉರುಳೆಗಳು ಬುಗುರಿಯಂತೆ ಸುತ್ತಿ, ಒಣಗಲು ಪುರುಸೊತ್ತೇ ಸಿಗದ ರಟ್ಟು ಆ ತುದಿಯಲ್ಲಿ ಹಿಂಡದ ಕಂಬಳಿಯ ಹಾಗೆ ಜೋತು ಬಿದ್ದು, ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಮಲಗಿತು.

ಸ್ಟೋರಿನವನು ಓಡಿ ಬಂದು ಒಂದು ತುದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ನಾನು ಹೇಳ್ಲಿಲ್ವಾ? ಮೆತ್ತನೆ ಕಬ್ಬಿಣ, ಮೆತ್ತನೆ ರಟ್ಟು."

ಹಲ್ಲಪ್ಪ ತುಂಬುತೋಳನ್ನು ಮಡಿಸಿಕೊಂಡು ಆ ಒದ್ದೆ ರಟ್ಟನ್ನೆಲ್ಲ ಎಳೆದು ಹಾಕಿದ. ಉರುಳೆಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ಗೆರೆ ಎಷ್ಟು ನಿಧಾನ ಸುತ್ತಬೇಕೆಂದು ಮೇಸ್ತ್ರಿಗೆ ತೋರಿಸಿಕೊಟ್ಟ. ಮೇಸ್ತ್ರಿ ಗೆರೆಯನ್ನೇ ನೋಡುತ್ತ ನೋಡುತ್ತ ತಲೆಸುತ್ತಿ ಕೂತುಬಿಟ್ಟ. ಆದರೂ ರಟ್ಟು ಒಣಗಿ ಬರತೊಡಗಿತು.

ಅಷ್ಟರಲ್ಲಿ ಗುಮಾಸ್ತರು ಹಾಡಿದರು.

ಗುಮಾಸ್ತರ ಮೇಜು ಉರುಳೆಗಳ ಸಾಲಿನ ಪಕ್ಕದಲ್ಲೇ ಇತ್ತು. ಕೆಲಸಕ್ಕೆ ಸೇರಿದ ದಿನದಿಂದ ಅವರು ಕೂಡಿಸುತ್ತ ಕಳೆಯುತ್ತ ಬಾಯ್ತುಂಬ ಹಾಡಿಕೊಳ್ಳುತ್ತಿದ್ದರು. ಆ ಸದ್ದಿನಲ್ಲಿ ಅದು ಅವರಿಗೂ ಕೇಳುತ್ತಿರಲಿಲ್ಲ, ಹಾಗಾಗಿ ತಮ್ಮ ಕಂಠದ ಬಗ್ಗೆ ಅವರಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಇವತ್ತು ಅವರು ಎಂದಿನಂತೆ ಕಣ್ಣು ಮುಚ್ಚಿ ಎತ್ತಿದ ದನಿ ಮಿಲ್ಲಿನ ಮೂಲೆ ಮೂಲೆಗೂ ಹೋಯಿತು. ಕಾಗದ ಆಯುವ ಹೆಂಗಸರು ಕೈ ನಿಲ್ಲಿಸಿದರು. ಒಬ್ಬಾಕೆ ನೀರು ತುಂಬಿದ ಚೊಂಬು ಹಿಡಿದು ಓಡಿ ಬಂದು, ಎಲ್ಲಿ ನೋಯ್ತಿದೆ ಎಂದು ವಿಚಾರಿಸಿದಳು. ಗುಮಾಸ್ತರು ಬಾಯಿ ಮುಚ್ಚಿದರು. ಆಮೇಲೆ ಅವರು ಕೂಡಿಸಿದ ಲೆಕ್ಕ ಒಂದೂ ತಾಳೆಯಾಗಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೂ ಬಾಕಿಯಿತ್ತು. ಕಾಗದ ಆಯುವ ಸಾಲಿಗೆ ಹಿರಿಯಳಾದ ಅಕ್ಕ, ಸ್ಟೋರಿನವನ ಹೆಂಡತಿ. ಇಬ್ಬರೂ ಒಂದೇ ಸೂರಿನಡಿ ದುಡಿದು ಮಕ್ಕಳನ್ನು ಮದುವೆಯ ವಯಸ್ಸಿಗೆ ಬೆಳೆಸಿದವರು. ಅವರಷ್ಟು ಹೊಂದಿಕೊಂಡ ಜೋಡಿ ಸುತ್ತಮುತ್ತ ಇಲ್ಲವೆಂದು ಎಲ್ಲರೂ ಹೇಳುವರು. ಸ್ಟೋರಿನವನು ಕಿಟಕಿಯಿಂದ ತಲೆ ಹಾಕಿ ಏನಾದರೂ ಅಪ್ಪಣೆ ಕೊಟ್ಟರೆ, ಅಕ್ಕ ನಗುನಗುತ್ತ ತಲೆಯಾಡಿಸಿ ತುಟಿಯಲ್ಲೇ ಉತ್ತರ ಕೊಡುತ್ತಿದ್ದಳು. ಆ ನಗು ಕಂಡು ಅವನು ಹೆಮ್ಮೆಯಿಂದ ಕಿಟಕಿ ಮುಚ್ಚುತ್ತಿದ್ದ. ಇವತ್ತೂ ಅವನು ತಲೆ ಹಾಕಿ, ಮೂಟೆಗಳು ಇನ್ನೂ ಯಾಕೆ ಬಂದಿಲ್ಲ, ಬೇಗ ಕಳಿಸು ಎಂದ. ಅಕ್ಕ ನಗುನಗುತ್ತ ತಲೆಯಾಡಿಸಿದಳು.

"ಬಂದ್ಬಿಟ್ಟ ದೊಡ್ಡ ಮನುಷ್ಯ. ಕಳಿಸ್ತೀನಿ ಇರು, ನಿನ್ನ ಬೋಳು ತಲೆ ಮೇಲೇ ಸುರಿದು ಕಳಿಸ್ತೀನಿ."

ಇಡೀ ಮಿಲ್ಲು ಕೇಳಿತು. ಸ್ಟೋರಿನವನ ಕೈ ತಂತಾನೇ ತಲೆಗೆ ಹೋಯಿತು. "ಏನಂದೆ?"

"ಆಯ್ತು ಅಂದೆ."

ಅವನು ಕಿಟಕಿ ಮುಚ್ಚಲು ಹೋಗಿ ಮತ್ತೆ ತಲೆ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ. "ಇಷ್ಟು ವರ್ಷ ಅಂದಿದ್ದೂ ಇದೇ ಆಯ್ತಾ?"

ಅಕ್ಕ ಉತ್ತರಿಸಲಿಲ್ಲ. ಉತ್ತರಿಸದೆ ಇದ್ದದ್ದೂ ಚೆನ್ನಾಗಿ ಕೇಳಿಸಿತು.

ಊಟದ ಹೊತ್ತಿಗೆ ನಾಲ್ವರೂ ಸೇರಿ ಹಲ್ಲಪ್ಪನ ಬೆಂಚಿನ ಸುತ್ತ ನಿಂತರು. ಬೆಳಗಿನಿಂದ ಮಾತು ಬಿಟ್ಟಿದ್ದ ಗಂಡಹೆಂಡತಿ ಈ ಒಂದು ವಿಷಯದಲ್ಲಿ ಒಂದಾಗಿದ್ದರು. ಮೇಸ್ತ್ರಿ ತನ್ನ ಕಣ್ಣು ಉರಿಯುವುದನ್ನು ಹೇಳಿಕೊಂಡ. ಗುಮಾಸ್ತರು ಎದೆಯ ಮೇಲೆ ಕೈಯಿಟ್ಟುಕೊಂಡರು. ಹಳೆಯ ಉಕ್ಕಿನ ಗಿಯರ್ ಇನ್ನೂ ಹಿಂದಿನ ಗೋಡೆಗೆ ಒರಗಿಯೇ ಇದೆ, ತಗೊಂಡು ಬಂದು ಹಾಕಿಬಿಡು ಎನ್ನುವುದು ಎಲ್ಲರ ಒಟ್ಟು ಮಾತು.

"ನೋಡು ತಮ್ಮಾ," ಎಂದಳು ಅಕ್ಕ. "ಮನೆ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಅದು ಹೋಗೋಕೆ ಒಂದು ಜಾಗ ಬೇಕಲ್ಲ? ಆ ಸದ್ದೊಳಗೆ ಹೋಗ್ತಿತ್ತು. ಈಗ ನಾನು ಎಲ್ಲಿಗೆ ಹೋಗ್ಲಿ?"

ಹಲ್ಲಪ್ಪನಿಗೆ ಕನಿಕರವಾಯಿತು. ಆದರೆ ಗಾಜಿನ ಕೋಣೆ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ತಿರುಳಿನ ಗುಂಡಿಯೂ ಬಂತು, ಅದರ ದಡದಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಆಗುವುದಿಲ್ಲ ಎಂದ. ಇಷ್ಟು ವರ್ಷ ಕಿರುಚಿ ಕಿರುಚಿ ಎಲ್ಲರ ಗಂಟಲೂ ಹರಿದಿದೆ, ನಾಲ್ಕು ದಿನ ಕಳೆದರೆ ಮೆಲ್ಲಗೆ ಮಾತಾಡುವುದು ಕಲಿಯುತ್ತೀರಿ ಎಂದು ಬುದ್ಧಿ ಬೇರೆ ಹೇಳಿದ. ಬುದ್ಧಿ ಹೇಳಬಾರದಿತ್ತು.

"ಆಯ್ತಪ್ಪ," ಎಂದ ಸ್ಟೋರಿನವನು. "ಉಪ್ಪು ತಿಂದೋನು ನೀರು ಕುಡೀಬೇಕು. ನಿನ್ನ ಗಿಯರೂ ಅಷ್ಟೆ, ನೀನೂ ಅಷ್ಟೆ."

ಆಮೇಲೆ ಸ್ಟೋರಿನ ಬಾಗಿಲು ಮುಚ್ಚಿಕೊಂಡು ನಾಲ್ವರೂ ಮಾತಾಡಿಕೊಂಡರು. ಮೆಲ್ಲಗೆ ಮಾತಾಡಲು ಬಾರದ ಜನವಾದ್ದರಿಂದ ಪೂರ್ತಿ ಸಂಚು ಹಲ್ಲಪ್ಪನಿಗೆ ಬೆಂಚಿನಲ್ಲಿ ಕೂತಲ್ಲೇ ಕೇಳಿಸಿತು. ಯಜಮಾನರು ಬಂದು ಕೇಳಿದರೆ, ಸದ್ದು ಏನೇನೂ ಕಡಿಮೆಯಾಗಿಲ್ಲ ಎಂದು ನಾಲ್ವರೂ ಒಂದೇ ಬಾಯಲ್ಲಿ ಹೇಳುವುದು. ಹಲ್ಲಪ್ಪ ಮನಸ್ಸಿನಲ್ಲೇ ನಕ್ಕ. ಯಜಮಾನರೇನು ಚಾಡಿ ಕೇಳಿ ತೀರ್ಮಾನ ಮಾಡುವವರೇ? ಬರುತ್ತಾರೆ, ನಿಲ್ಲುತ್ತಾರೆ, ತಾವೇ ಕೇಳುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಯಜಮಾನರು ಬಂದರು. ದೊಡ್ಡ ದೇಹ, ಗುಡುಗಿನಂಥ ದನಿ. ಮಿಲ್ಲಿನಲ್ಲಿ ಹುಟ್ಟಿ ಮಿಲ್ಲಿನಲ್ಲೇ ತಲೆ ನರೆಸಿದವರು. ಹಲ್ಲಪ್ಪ ತೋಳು ಇಳಿಸಿ ಗುಂಡಿ ಹಾಕಿಕೊಂಡು, ಅವರನ್ನು ಗಿಯರುಗಳ ಪಕ್ಕಕ್ಕೆ ಕರೆದೊಯ್ದ. ನಾಲ್ವರೂ ಹಿಂದೆ ಬಂದು ಗೋಡೆ ಹಿಡಿದು ನಿಂತರು. ಯಜಮಾನರು ಮೊದಲು ಗಿಯರಿನ ಮೇಲೆ ಬಾಗಿ ನೋಡಿದರು, ಹಲ್ಲುಗಳ ಹೊಳಪು ಮೆಚ್ಚಿದರು, ತೂಕ ಕಡಿಮೆಯೆಂದು ಕೇಳಿ ತಲೆದೂಗಿದರು. ಆಮೇಲೆ ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ, ಕೇಳುತ್ತ ನಿಂತರು.

ಯಂತ್ರ ತುಂಬು ವೇಗದಲ್ಲಿ ತಿರುಗುತ್ತಿತ್ತು. ಊಟವಾದ ಮೇಲೆ ಬೆಕ್ಕು ಗುರುಗುಟ್ಟುವಷ್ಟು ಸದ್ದು, ಅಷ್ಟೆ. ಗುಮಾಸ್ತರು ಉಗುಳು ನುಂಗಿದ್ದು ಕೇಳಿಸಿತು. ಹೊರಗೆ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ್ದು ಕೇಳಿಸಿತು.

ಯಜಮಾನರು ಕಣ್ಣು ತೆರೆದರು.

"ಎಲ್ಲಿ ಕಮ್ಮಿಯಾಗಿದೆ? ಹಾಗೇ ಇದೆಯಲ್ಲೋ."

ಹಲ್ಲಪ್ಪನಿಗಿಂತ ಹೆಚ್ಚು ಬೆಚ್ಚಿದವರು ಗೋಡೆ ಹಿಡಿದಿದ್ದ ನಾಲ್ವರು. ಅವರು ಇನ್ನೂ ಬಾಯಿ ತೆರೆದಿರಲಿಲ್ಲ. ಹೇಳಬೇಕೆಂದು ಕಂಠಪಾಠ ಮಾಡಿಕೊಂಡ ಸುಳ್ಳನ್ನು ಯಾರೋ ಮುಂದಾಗಿ ನಿಜದ ಹಾಗೆ ಹೇಳಿಬಿಟ್ಟರೆ ಸುಳ್ಳುಗಾರನ ಗತಿಯೇನು? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಅವರ ಕಡೆ ತಿರುಗಿ, ಏನಂತೀರಿ ಎಂದಾಗ ನಾಲ್ಕು ತಲೆಗಳು ಒಟ್ಟಿಗೆ ಆಡಿದವು. ಹಾಗೇ ಇದೆ, ಹಾಗೇ ಇದೆ.

ಇವರೇ ಮೊದಲು ಹೋಗಿ ಅವರ ಕಿವಿ ಊದಿದ್ದಾರೆ ಎಂದು ಹಲ್ಲಪ್ಪನಿಗೆ ಖಾತ್ರಿಯಾಯಿತು. "ಯಜಮಾನ್ರೇ, ಇವರ ಮಾತು ಕೇಳ್ಬೇಡಿ. ನೀವೇ ಕೇಳಿ. ಹೊರಗೆ ಕಾಗೆ ಕೂಗ್ತಿರೋದು ಕೇಳಿಸ್ತಿದೆ ಇಲ್ಲಿಗೆ."

"ಯಾವ ಕಾಗೆ?"

ಆಗ ಕಾಗೆ ಕೂಗುತ್ತಲೇ ಇತ್ತು.

ಯಜಮಾನರು ಹಲ್ಲಪ್ಪನನ್ನು ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಮೆತ್ತಗಾಯಿತು. ಹೆಗಲ ಮೇಲೆ ಕೈಯಿಟ್ಟರು. "ಗಿಯರ್ ಪಕ್ಕಕ್ಕೇ ಬೆಂಚು ಹಾಕ್ಕೊಂಡು ಇಷ್ಟು ವರ್ಷ ಕೂತಿದ್ದೀಯ. ಪಾಪ, ನಿನ್ನ ಕಿವಿ ಹೋಗಿದೆ ಕಣೋ. ನಮ್ಮೆಲ್ಲರಿಗೂ ಕೇಳ್ತಿರೋದು ನಿನಗೊಬ್ಬನಿಗೆ ಕೇಳ್ತಿಲ್ಲ."

ಕಿವಿ ಹೋದವನು ಮುಖ್ಯಸ್ಥನಾಗುವಂತಿಲ್ಲ. ಆದರೆ ತಮ್ಮ ಮಿಲ್ಲಿನಲ್ಲೇ ಕಿವಿ ಕಳಕೊಂಡವನನ್ನು ಗುಂಡಿಗೆ ಇಳಿಸಲು ಯಜಮಾನರಿಗೆ ಮನಸ್ಸಿಲ್ಲ. ಗೇಟಿನ ಹತ್ತಿರ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸಿಕೊಡುವುದಾಗಿ ಹೇಳಿದರು. ಈಗಲೇ ತಮ್ಮ ಕಾರಿನಲ್ಲಿ ಕಿವಿಯ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಳ್ಳಬೇಕು.

"ಅಕಸ್ಮಾತ್ ಕಿವಿ ಸರಿಯಾಗೇ ಇದೆ ಅಂದ್ರೆ," ಎಂದು ಯಜಮಾನರು ಕೈ ತೆಗೆದರು, "ಗಾಜಿನ ಕೋಣೆ ಆಸೆಗೆ ನನ್ನ ಮುಖಕ್ಕೇ ಸುಳ್ಳು ಹೇಳಿದ್ದೀಯ ಅಂತಾಯ್ತು. ಆಗ ಗುಂಡಿ."

ಗೋಡೆಯ ಕಡೆಯಿಂದ ಸ್ಟೋರಿನವನು ವಿನಯವಾಗಿ, ಹಾಗಿದ್ದರೆ ಹಳೇ ಉಕ್ಕಿನ ಗಿಯರನ್ನೇ ತಿರುಗಿ ಹಾಕಿಸೋಣವೇ ಎಂದು ಕೇಳಿದ.

"ಯಾಕೆ? ಇದು ಹಗುರ ಇದೆ, ಗಟ್ಟಿ ಇದೆ. ಸದ್ದು ಹಳೇದರಷ್ಟೇ. ನಷ್ಟ ಏನು? ಉಳಿದ ಗಿಯರೆಲ್ಲ ಇದೇ ಕಬ್ಬಿಣದಲ್ಲಿ ಮಾಡಿಸಿ."

ಅಕ್ಕ ಮೆಲ್ಲಗೆ ಕೂತುಬಿಟ್ಟಳು. ಗುಮಾಸ್ತರು ಅವಳಿಗೆ ನೀರು ತಂದುಕೊಟ್ಟರು.

ಕಾರಿನಲ್ಲಿ ಯಜಮಾನರು ಹಿಂದೆ, ಹಲ್ಲಪ್ಪ ಮುಂದೆ ಡ್ರೈವರನ ಪಕ್ಕ. ದಾರಿ ಹಲ್ಲಪ್ಪನ ಬೀದಿಯಲ್ಲೇ ಹಾದುಹೋಯಿತು. ಮುತ್ತಿನ ಮಳೆ ಸುರಿದರೂ ಕೆಲಸ ನಿಲ್ಲಿಸದ ಅವನ ಹೆಂಡತಿ ಅವತ್ತು ನೆರೆಹೊರೆಯವರನ್ನೆಲ್ಲ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಯಜಮಾನರ ಕಾರಿನಲ್ಲಿ ಗಂಡ ಕೂತು ಬರುವುದನ್ನು ಕಂಡು ಅವಳು ಪಕ್ಕದ ಮನೆಯಾಕೆಯ ಮೊಣಕೈ ತಿವಿದಳು. ಎಲ್ಲರೂ ಕೈ ಬೀಸಿದರು. ಹಲ್ಲಪ್ಪನೂ ಒಂದು ಕೈ ಎತ್ತಿದ, ಮುಳುಗುವವನು ಎತ್ತುವ ಹಾಗೆ.

ಯಜಮಾನರ ಮನೆ ಊರಾಚೆ, ಮರಗಳ ನಡುವೆ. ಅಲ್ಲಿ ಎಲೆ ಬೀಳುವುದೂ ಕೇಳುವಷ್ಟು ನಿಶ್ಶಬ್ದ. ಅವರನ್ನು ಅಲ್ಲಿಳಿಸಿ, ಡ್ರೈವರ್ ಕಾರನ್ನು ಆಸ್ಪತ್ರೆಗೆ ತಿರುಗಿಸಿದ.

ಕಿವಿಯ ಡಾಕ್ಟ್ರಮ್ಮ ಹಲ್ಲಪ್ಪನನ್ನು ಗಾಜಿನ ಒಂದು ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಗಾಜಿನ ಕೋಣೆ ಸಿಕ್ಕಿತಲ್ಲ ಎಂದು ಅವನಿಗೆ ಅಳು ಬಂತು. ಕಿವಿಗೆ ಮುಚ್ಚಳ ಹಾಕಿ, ಸದ್ದು ಕೇಳಿದಾಗಲೆಲ್ಲ ಬೆರಳು ಎತ್ತಬೇಕೆಂದರು. ಕೂತಲ್ಲೇ ಅವನು ಲೆಕ್ಕ ಹಾಕಿದ. ಗಾಜಿನ ಕೋಣೆಯಂತೂ ಹೋಯಿತು. ಈಗ ಕಿವಿ ಕೆಟ್ಟಿದ್ದರೆ ನೆರಳಿನ ಕುರ್ಚಿ, ಚೆನ್ನಾಗಿದ್ದರೆ ಗುಂಡಿ. ಕೇಳಿಸಿದರೂ ಬೆರಳು ಎತ್ತಬಾರದೆಂದು ನಿರ್ಧರಿಸಿದ. ಆದರೆ ಬದುಕೆಲ್ಲ ಗಿಯರಿನ ಎದೆಬಡಿತ ಆಲಿಸಿದ ಮೈ ಅದು. ಸೊಳ್ಳೆಯ ರೆಕ್ಕೆಯಷ್ಟು ಸದ್ದು ಬಂದರೂ ಬೆರಳು ಅವನ ಮಾತು ಕೇಳದೆ ಎದ್ದು ನಿಲ್ಲುತ್ತಿತ್ತು.

"ಮಕ್ಕಳ ಕಿವಿ ಇದ್ದ ಹಾಗಿದೆ ನಿಮ್ಮದು," ಎಂದರು ಡಾಕ್ಟ್ರಮ್ಮ ಸಂತೋಷದಿಂದ.

"ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಏನಾದ್ರೂ ಸ್ವಲ್ಪ ದೋಷ ಇರಬಹುದು."

"ಚೂರೂ ಇಲ್ಲ."

ಪರೀಕ್ಷೆ ಮುಗಿದ ಕೂಡಲೇ ಯಜಮಾನರಿಗೆ ತಿಳಿಸಬೇಕೆಂದು ಡ್ರೈವರನಿಗೆ ಅಪ್ಪಣೆಯಾಗಿತ್ತು. ಅವನು ಮನೆಗೆ ಫೋನ್ ಹಚ್ಚಿ ಡಾಕ್ಟ್ರಮ್ಮನ ಕೈಗೆ ಕೊಟ್ಟ. ಡಾಕ್ಟ್ರಮ್ಮ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿದರು, ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ. ಕೊನೆಗೆ ಕಿರುಚಿಯೇ ಹೇಳಿ, ಆ ಕಡೆಯ ಮಾತು ಕೇಳಿಸಿಕೊಂಡು ಫೋನ್ ಇಟ್ಟರು.

ಡಾಕ್ಟ್ರಮ್ಮನೇ ಹೇಳಿದರು. ಹಾಗಾದರೆ ನಾಳೆಯಿಂದ ಗುಂಡಿಗೆ ಇಳಿಯಲಿ, ಆ ಗಿಯರ್ ಸದ್ದು ಪೂರ್ತಿ ನಿಂತ ದಿನ ಹತ್ತಿ ಬರಲಿ, ಎಂದರಂತೆ ಯಜಮಾನರು. "ನನಗೇನೂ ಅರ್ಥ ಆಗ್ಲಿಲ್ಲಪ್ಪ. ಪಾಪ, ಮಿಲ್ಲಿನ ಮಧ್ಯೆ ನಿಂತು ಮಾತಾಡ್ತಿದ್ರು ಅನ್ಸುತ್ತೆ. ಮೆಷಿನ್ ಸದ್ದಲ್ಲಿ ಏನೂ ಕೇಳ್ತಿಲ್ಲ, ಜೋರಾಗಿ ಹೇಳಿ ಅಂತಾನೇ ಇದ್ರು."

ಹಲ್ಲಪ್ಪ ಡ್ರೈವರನ ಮುಖ ನೋಡಿದ. ಡ್ರೈವರ್ ಹಲ್ಲಪ್ಪನ ಮುಖ ನೋಡಿದ.

"ಮನೇಲಿ ಇಳಿಸಿ ಬಂದ್ವಲ್ಲ," ಎಂದ ಡ್ರೈವರ್.

ಡಾಕ್ಟ್ರಮ್ಮನಿಗೆ ಕ್ಷಣದಲ್ಲಿ ವಿಷಯ ಹೊಳೆಯಿತು. ವರ್ಷಗಟ್ಟಲೆ ಅರಚಾಟದಲ್ಲಿ ಕಳೆದ ಕೆಲವರಿಗೆ ಹೀಗಾಗುವುದುಂಟು, ಹೊರಗಿನ ಸದ್ದು ನಿಂತರೂ ಕಿವಿಯೊಳಗೆ ಅದು ಮೊರೆಯುತ್ತಲೇ ಇರುತ್ತದೆ ಎಂದು ವಿವರಿಸಿದರು. ತಮ್ಮೊಳಗೇ ಇದೆಯೆಂದು ಅವರಿಗೆ ಗೊತ್ತೇ ಆಗುವುದಿಲ್ಲವಂತೆ, ಹೇಳಿದರೂ ನಂಬುವುದಿಲ್ಲವಂತೆ.

ಹಲ್ಲಪ್ಪನಿಗೆ ಒಂದು ಕಿಂಡಿ ತೆರೆದಂತಾಯಿತು. ಕುರ್ಚಿಯ ತುದಿಗೆ ಸರಿದು ಕೂತ.

"ಅದಕ್ಕೆ ಏನು ಔಷಧಿ ಡಾಕ್ಟ್ರೇ? ಎಷ್ಟು ದಿನಕ್ಕೆ ನಿಲ್ಲುತ್ತೆ?"

"ಯಜಮಾನರ ವಯಸ್ಸಿಗೆ ಅದು ನಿಲ್ಲಲ್ಲಪ್ಪ," ಎಂದರು ಡಾಕ್ಟ್ರಮ್ಮ ಕೈ ತೊಳೆಯುತ್ತ. "ಅಭ್ಯಾಸ ಮಾಡ್ಕೊಂಡು ಇರಬೇಕು, ಅಷ್ಟೆ."